ಪೀಣ್ಯದ ವಿಷಕ್ಕೆ ತಿಪಟೂರಿನ ನಾರು

ತೆಂಗಿನ ಸಿಪ್ಪೆ ಬಡಿದು ನಾರು ತೆಗೆದ ಮೇಲೆ ಉಳಿಯುವ ಪುಡಿ ತಿಪಟೂರು ಸೀಮೆಯವರಿಗೆ ಹೊಸದಲ್ಲ. ಈ ಪುಡಿ, ಕಡಲೆಕಾಯಿ ಸಿಪ್ಪೆ, ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ ಇವೆಲ್ಲ ನೀರಿನೊಳಗಿನ ಲೋಹದ ವಿಷವನ್ನು ಹಿಡಿದಿಟ್ಟುಕೊಳ್ಳುತ್ತವೆಂದು ವಿಜ್ಞಾನಿಗಳು ಪ್ರಯೋಗಶಾಲೆಗಳಲ್ಲಿ ತೋರಿಸಿ ಎಷ್ಟೋ ವರ್ಷವಾಯಿತು. ಅದು ಸುಳ್ಳಲ್ಲ. ಆದರೆ ಈ ಮಾತಿನ ಮರೆಯಲ್ಲಿ ಯಾರು ತಪ್ಪಿಸಿಕೊಳ್ಳಲು ಹೊರಟಾರು ಎಂಬುದನ್ನು ಕಾರ್ಮಿಕ ಬಂಧುಗಳೂ ವರ್ತಕ ಮಿತ್ರರೂ ಈಗಲೇ ತಿಳಿದಿರಬೇಕು.

ಪೀಣ್ಯದ ಪ್ಲೇಟಿಂಗ್ ಷಾಪುಗಳಲ್ಲಿ ಕಬ್ಬಿಣಕ್ಕೆ ಹೊಳಪು ಕೊಡುವ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕೂ ಇಳಿದಿದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ತೀವ್ರವಾಗಿ ಕೆಟ್ಟವುಗಳ ಪಟ್ಟಿಯಲ್ಲಿ ಪೀಣ್ಯವೂ ಸೇರಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಕೂಡದು. ಅದರ ಆರು ವೇಲೆನ್ಸಿಯ ರೂಪ ಕ್ಯಾನ್ಸರ್ ತರುವಂಥದು. ಪ್ಲೇಟಿಂಗ್ ತೊಟ್ಟಿಯಲ್ಲಿರುವುದು ಅದೇ.

ಪುಡಿ ಮಾಡುವ ಕೆಲಸ ಹೀಗಿದೆ. ನೀರಿಗೆ ಆಸಿಡ್ ಬೆರೆಸಿ ಹುಳಿ ಮಾಡಿದರೆ ನಾರಿನ ಲಿಗ್ನಿನ್ ಮತ್ತು ಒಗರು ಅಂಶ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಅಷ್ಟು ವಿಷವಲ್ಲದ ಮೂರು ವೇಲೆನ್ಸಿಗೆ ಇಳಿಸಿ, ಒಂದಷ್ಟನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಆಮೇಲೆ ಹುಳಿ ಮುರಿಯಬೇಕು, ನೀರನ್ನು ಪರೀಕ್ಷಿಸಬೇಕು, ಪುಡಿಯ ಶಕ್ತಿ ತೀರಿದಾಗ ಬದಲಿಸಬೇಕು. ತೊಟ್ಟಿಗೆ ಒಂದು ಮೂಟೆ ಸುರಿದು ಕೈ ತೊಳೆದುಕೊಳ್ಳುವ ಕೆಲಸವಲ್ಲ ಇದು. ಹಳದಿ ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆಂದೂ ಅಲ್ಲ; ಕಾನೂನು ಹೇಳುವ ಮಿತಿ ಕಣ್ಣಿಗೆ ಕಾಣುವಂಥದಲ್ಲ.

ಇನ್ನು ವಿಷ ಕುಡಿದ ಪುಡಿ ಎಲ್ಲಿಗೆ? ಲೋಹ ಎಲ್ಲಿಯೂ ಮಾಯವಾಗಿಲ್ಲ, ನೀರಿನಿಂದ ಪುಡಿಗೆ ಬಂದಿದೆ, ಅಷ್ಟೆ. ಅದನ್ನು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಕೇಂದ್ರದಂಥ ಕಡೆಗೆ ಲೆಕ್ಕ ಬರೆದು ಸಾಗಿಸಬೇಕು. ಸಾಗಿಸಲು ಹಣ ಬೇಕು. ಹಣ ಉಳಿಸುವ ದಾರಿ ಕಳ್ಳನಿಗೆ ಹೇಳಿಕೊಡಬೇಕೆ? ಬೇಕರಿ ಒಲೆಗೆ, ಇಟ್ಟಿಗೆ ಗೂಡಿಗೆ ಅಗ್ಗದ ಸೌದೆಯೆಂದು ಬಂದೀತು, ಗೊಬ್ಬರವೆಂದೂ ಬಂದೀತು. ಉರಿಯಲ್ಲಿ ಮೂರು ವೇಲೆನ್ಸಿಯ ಕ್ರೋಮಿಯಂ ಮತ್ತೆ ಆರಕ್ಕೇರಿ ಬೂದಿಯಲ್ಲಿ ಕೂರಬಲ್ಲದು. ಊರು ತಿಳಿಯದ ಹೊಟ್ಟನ್ನು ಅಗ್ಗವೆಂದು ಕೊಳ್ಳಬೇಡಿರೆಂದು ಅಂಗಡಿ ಮಿತ್ರರಿಗೆ ನಾವು ಒತ್ತಿ ಹೇಳುತ್ತೇವೆ.

ತಪ್ಪನ್ನೆಲ್ಲ ಸಣ್ಣ ಷಾಪಿನವನ ತಲೆಗೆ ಕಟ್ಟಿ ಬೀಗ ಜಡಿಯಿರೆನ್ನುವ ದೊಡ್ಡ ಮನುಷ್ಯರೂ ಇದ್ದಾರೆ. ನಾವು ಒಪ್ಪುವುದಿಲ್ಲ. ಬಿಡಿಭಾಗಗಳನ್ನು ಕಳಿಸಿ, ಹೊಳಪು ಮಾಡಿಸಿ, ಪೀಸಿಗಿಷ್ಟು ಎಂದು ದರ ಹಿಂಡುವವರು ದೊಡ್ಡ ಕಾರ್ಖಾನೆಯವರು. ಹೊಳಪು ಅವರ ಬಿಲ್ಲಿಗೆ, ವಿಷ ನಮ್ಮ ಬಾವಿಗೆ! ತೊಟ್ಟಿಯಿಂದ ಎತ್ತಿದ ಸಾಮಾನನ್ನು ತೊಟ್ಟಿಯ ಮೇಲೆಯೇ ಒಂದಷ್ಟು ಹೊತ್ತು ಸೋರಲು ಬಿಟ್ಟರೆ ತೊಳೆಯುವ ನೀರಿಗೆ ಹೋಗುವ ಕ್ರೋಮಿಯಂ ಬಹಳ ಕಡಿಮೆಯಾಗುತ್ತದೆ. ಇದಕ್ಕೆ ನಾರೂ ಬೇಡ, ಯಂತ್ರವೂ ಬೇಡ. ಪ್ಲೇಟಿಂಗ್ ಕೆಲಸಗಾರನಿಗೆ ಇದು ಗೊತ್ತಿಲ್ಲವೆ? ಗೊತ್ತು. ಪೀಸಿನ ಲೆಕ್ಕದಲ್ಲಿ ಕೂಲಿ ಎಣಿಸುವವನಿಗೆ ಸೋರುವ ತನಕ ಕಾಯುವ ಪುರಸೊತ್ತೆಲ್ಲಿ? ಆ ಪುರಸೊತ್ತಿಗೂ ದರ ಕಟ್ಟಬೇಕು, ಅದನ್ನು ಕೆಲಸ ಕೊಡುವವನೇ ತೆರಬೇಕು.

ಷಾಪುಗಳಿಗೆಲ್ಲ ಸೇರಿ ಶುದ್ಧೀಕರಣದ ವ್ಯವಸ್ಥೆ ಬೇಕು. ಅದರ ಕೊನೆಯ ಹಂತದಲ್ಲಿ ನಾರಿನ ಪುಡಿಯನ್ನು ಧಾರಾಳವಾಗಿ ಹಾಕಲಿ, ತಿಪಟೂರಿನವರಿಗೂ ನಾಲ್ಕು ಕಾಸು ಬರಲಿ. ನೀರಿನ ಮಾಲಿನ್ಯದ ಕಾನೂನು 1974ರಿಂದಲೂ ಇದೆ. ಅದರ ಹೆಸರಿನಲ್ಲಿ ಮಂಡಳಿಯು ಮಾಡಿಸುವ ಪರೀಕ್ಷೆಯ ಅಂಕಿಗಳನ್ನು ಕಡತದಲ್ಲಿಡದೆ, ಲಗ್ಗೆರೆಯಲ್ಲೂ ದಾಸರಹಳ್ಳಿಯಲ್ಲೂ ಪ್ರತಿ ಕೊಳವೆ ಬಾವಿಯ ಪಕ್ಕದಲ್ಲಿ, ಕನ್ನಡದಲ್ಲಿ, ಹಲಗೆಯ ಮೇಲೆ ಬರೆದು ಹಾಕಿಸಲಿ.