ಪೂಜೆಗೆ ಬರದೋಳ ಲೆಕ್ಕ ಇಡೋದು ಬಿಡಾಣ

"ಅವಳು ಪೂಜೆಗೆ ಬರೋದೇ ಬಿಟ್ಟಾಳೆ" ಅಂತ ಒಬ್ಬ ಹೆಂಗಸಿನ ಬಗ್ಗೆ ಇನ್ನೊಬ್ಬ ಹೆಂಗಸು ಹೇಳೋದನ್ನ ನಾವು ನಿಲ್ಲಿಸ್ಬೇಕು. ಇವತ್ತು ಇದನ್ನೇ ಬರೆಯಾಣ ಅಂತ ಕೂತೀನಿ. ಅಕ್ಕಂದಿರು, ಚಿಕ್ಕಮ್ಮಂದಿರು ಬೇಜಾರು ಮಾಡ್ಕೋಬ್ಯಾಡ್ರಿ, ಪೂರ್ತಿ ಓದಿ ಆಮೇಲೆ ಬೇಕಾದ್ರೆ ಬೈರಿ.

ಸೊರಬದ ಕಡೆ ನಮ್ಮ ಬಳಗದ ಒಬ್ಬ ಸೊಸೆ ಇದಾಳೆ. ಹೆಸರು ಬ್ಯಾಡ, ನಿಮಗೆಲ್ಲಾ ಗೊತ್ತಾಗ್ತದೆ. ಅವಳ ಅತ್ತೆಗೆ ಲಕ್ವ ಹೊಡೆದು ಹನ್ನೊಂದು ತಿಂಗಳಾಯ್ತು. ಬಲಗಡೆ ಕೈಕಾಲು ಏಳಲ್ಲ, ಮಾತು ತೊದಲು. ಬೆನ್ನಿಗೆ ಹುಣ್ಣಾಗ್ಬಾರ್ದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು, ರಾತ್ರಿನೂವೆ. ಗಂಜಿನ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡ್ಬೇಕು, ಅವಸರ ಮಾಡಿದ್ರೆ ನೆತ್ತಿಗೆ ಹತ್ತುತ್ತದೆ. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದ್ರೆ ಬರೋದು ರಾತ್ರಿ. ಭಾನುವಾರ ಮಕ್ಕಳನ್ನ ತಯಾರು ಮಾಡಿ ಗಂಡನ ಜೊತೆ ಚರ್ಚಿಗೆ ಕಳಿಸ್ತಾಳೆ, ತಾನು ಮನೇಲೇ ಉಳಿತಾಳೆ. ಇಷ್ಟಕ್ಕೆ ನಮ್ಮೋರೇ ಯಾರೋ "ನಂಬಿಕೆ ತಣ್ಣಗಾಗೈತೆ" ಅಂದ್ರಂತೆ. ಆ ಮಾತು ಅವಳ ಕಿವಿಗೂ ಬಿತ್ತು. ನಂಗೆ ಫೋನ್ ಮಾಡಿ ಕೇಳಿದ್ಲು: "ಅಕ್ಕಾ, ನಾನು ಪಾಪ ಮಾಡ್ತಿದೀನಾ?"

ಆ ಪ್ರಶ್ನೆ ಕೇಳಿ ನಂಗೆ ಸಿಟ್ಟು ಬಂತು. ಅವಳ ಮೇಲಲ್ಲ.

ನಮ್ಮ ಧರ್ಮಸಭೆಯೇ ಇದಕ್ಕೆ ಉತ್ತರ ಬರೆದಿಟ್ಟೈತೆ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ 2181ನೇ ನಂಬರಿನಲ್ಲಿ ನೋಡ್ರಿ. ಭಾನುವಾರದ ಪೂಜೆ ಕಡ್ಡಾಯ ಅಂತ ಹೇಳ್ತಾ, ಗಂಭೀರ ಕಾರಣ ಇದ್ದೋರಿಗೆ ವಿನಾಯಿತಿ ಕೊಟ್ಟೈತೆ. ಉದಾಹರಣೆಗೆ ಕಾಯಿಲೆ, ಎಳೇ ಮಕ್ಕಳ ಆರೈಕೆ ಅಂತ ಅಲ್ಲೇ ಬರೆದೈತೆ. ಎಳೇ ಮಗುನ ನೋಡ್ಕೊಳ್ಳೋಳಿಗೆ ಇದ್ದ ವಿನಾಯಿತಿ, ಮಗುವಿಗಿಂತ ಭಾರ ಇರೋ ಅತ್ತೇನ ನೋಡ್ಕೊಳ್ಳೋಳಿಗೆ ಇಲ್ಲದೆ ಹೋಗ್ತದಾ? ರೋಮ್‌ನಲ್ಲಿ ಕೂತು ಬರೆದೋರಿಗೆ ಅರ್ಥ ಆಗಿದ್ದು ನಮ್ಮ ಪಕ್ಕದ ಬೆಂಚಿನೋರಿಗೆ ಅರ್ಥ ಆಗ್ಬೇಕಲ್ಲ.

ಕಾನೂನಿನ ಮಾತು ಅಷ್ಟಕ್ಕೇ ಸಾಕು. ನಂಗೆ ಹೇಳ್ಬೇಕಿರೋದು ಬೇರೆ. ಅವಳು ನಂಬಿಕೆಯಿಂದ ರಜಾ ತಗೊಂಡಿಲ್ಲ, ಅವಳ ನಂಬಿಕೆ ಈಗ ಆ ಮಂಚದ ಪಕ್ಕ ಕೆಲಸ ಮಾಡ್ತಾ ಐತೆ ಅಂತ ನಾನು ಹೇಳೋದು.

ನಮ್ಮ ಅಜ್ಜಿ ಕಾಲ ನೆನೆಸ್ಕೊಳ್ರಿ. ಘಟ್ಟದ ಕೆಳಗಿಂದ ತೋಟದ ಕೆಲಸಕ್ಕೆ ಅಂತ ಬಂದು ಸೊರಬದ ಸೀಮೆಲಿ ಉಳಿದೋರು. ಅಜ್ಜಿ ಬಾಯಲ್ಲಿ ಕೊಂಕಣಿ ಇತ್ತು, ನಮ್ಮ ತಲೆಗೆ ಬರೋ ಹೊತ್ತಿಗೆ ಇಲ್ಲಿಯ ಕನ್ನಡವೇ ಮನೆ ಮಾತಾಯ್ತು. (ಜಗಳ ಆಡುವಾಗ ಮಾತ್ರ ಅಮ್ಮನ ಬಾಯಲ್ಲಿ ಕೊಂಕಣಿ ಬರ್ತಿತ್ತು.) ಆಗ ಇಲ್ಲಿಗೆ ಶಿವಮೊಗ್ಗ ಧರ್ಮಕ್ಷೇತ್ರ ಅಂತ ಎಲ್ಲಿತ್ತು? ಮೈಸೂರಿಂದ ಬೇರೆಯಾಗಿ ಚಿಕ್ಕಮಗಳೂರು ಆಗಿದ್ದು 1963ರಲ್ಲಿ, ಶಿವಮೊಗ್ಗ ಆಗಿದ್ದು 1988ರಲ್ಲಿ, ನಾನಾಗಲೇ ದೊಡ್ಡೋಳಾಗಿದ್ದೆ. ಅಜ್ಜಿ ಹರೆಯದಲ್ಲಿ ನಮ್ಮ ಹಳ್ಳಿ ಕಡೆ ಫಾದರ್ ಬರೋದು ಮಳೆಗಾಲ ಮುಗಿದ ಮೇಲೆ ಯಾವಾಗಾದ್ರೂ ಒಂದ್ಸಲ. ಬಂದ್ರೂ ಪೂಜೆ ಲ್ಯಾಟಿನ್‌ನಲ್ಲಿ. ಜನರ ಭಾಷೆಲಿ ಪೂಜೆ ಮಾಡ್ಬಹುದು ಅಂತ ಆಗಿದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯಿಂದ. ಹಂಗಿದ್ರೆ ನಡುವಿನ ದಿನಗಳಲ್ಲಿ ನಮ್ಮ ಮನೇಲಿ ನಂಬಿಕೆ ಉಳಿಸಿದ್ದು ಯಾರು? ಸಂಜೆ ದೀಪ ಹಚ್ಚಿ, ಮಕ್ಕಳ ಕೈ ಹಿಡಿದು ಹಣೆ ಎದೆ ಭುಜ ಮುಟ್ಟಿಸಿ ಶಿಲುಬೆ ಗುರುತು ಕಲಿಸಿದ ಅಜ್ಜಿ. ಓದು ಬರಹ ಬರ್ತಿರಲಿಲ್ಲ ಅವಳಿಗೆ.

ಸಂತ ಪೌಲರೂ ಇದನ್ನ ಒಪ್ಕೊಂಡಿದಾರೆ. ತಿಮೊಥೇಯನಿಗೆ ಬರೆದ ಎರಡನೇ ಪತ್ರದ ಶುರುವಲ್ಲೇ, ನಿನ್ನಲ್ಲಿರೋ ನಂಬಿಕೆ ಮೊದಲು ನಿನ್ನ ಅಜ್ಜಿ ಲೋವಿಯಲ್ಲಿ, ತಾಯಿ ಯೂನೀಕೆಯಲ್ಲಿ ಇತ್ತು ಅಂತ ಹೆಸರು ಹಿಡಿದು ಹೇಳ್ತಾರೆ. ಜಪಾನ್ ದೇಶದಲ್ಲಿ ಇನ್ನೂ ದೊಡ್ಡ ಕತೆ ನಡೀತು. ಅಲ್ಲಿ 1614ರಲ್ಲಿ ಕ್ರೈಸ್ತ ಧರ್ಮ ಪೂರ್ತಿ ನಿಷೇಧ ಆಯ್ತು, ಗುರುಗಳು ಒಬ್ಬರೂ ಉಳಿಲಿಲ್ಲ. ಇನ್ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ, 1865ರ ಮಾರ್ಚ್‌ನಲ್ಲಿ, ನಾಗಸಾಕಿಲಿ ಹೊಸದಾಗಿ ಕಟ್ಟಿದ ಚರ್ಚಿಗೆ ಹಳ್ಳಿ ಜನರ ಒಂದು ಗುಂಪು ಬಂತು. ಅದರಲ್ಲೊಬ್ಬ ಹೆಂಗಸು ಫ್ರಾನ್ಸಿನಿಂದ ಬಂದ ಫಾದರ್ ಹತ್ರ ಹೋಗಿ, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಅಂತ ಮೆಲ್ಲಗೆ ಹೇಳಿ, ಮೇರಿ ಮಾತೆಯ ಪ್ರತಿಮೆ ಎಲ್ಲೈತೆ ಅಂತ ಕೇಳಿದ್ಲಂತೆ. ಅಷ್ಟು ತಲೆಮಾರು ಬೆಂಚಿಲ್ಲ, ಪೂಜೆ ಇಲ್ಲ, ಗುರುಗಳಿಲ್ಲ. ಮನೆಯೊಳಗೇ ಜ್ಞಾನಸ್ನಾನ, ಮನೆಯೊಳಗೇ ಜಪ. ಅವರ ಹಾಜರಿ ಪುಸ್ತಕ ಯಾರು ಬರೀಬೇಕಿತ್ತು?

ಯೇಸುಸ್ವಾಮಿ ಹೇಳಿದ ಸಾಮತಿಗಳಲ್ಲಿ ಎಷ್ಟೊಂದು ಅಡುಗೆಮನೆಯಿಂದ ಬಂದಾವೆ ಅಂತ ಗಮನಿಸಿದೀರಾ? ದೇವರ ರಾಜ್ಯ ಹೆಂಗಿರ್ತದೆ ಅಂದ್ರೆ, ಒಬ್ಬ ಹೆಂಗಸು ಮೂರು ಅಳತೆ ಹಿಟ್ಟಿಗೆ ಹುಳಿ ಕಲಸಿಟ್ಟ ಹಂಗೆ ಅಂತಾರೆ. ಆ ಕಾಲದ ಮೂರು ಅಳತೆ ಅಂದ್ರೆ ಸುಮಾರು 25-30 ಕಿಲೋ ಹಿಟ್ಟಂತೆ, ನಮ್ಮ ಒಂದು ಅಕ್ಕಿ ಮೂಟೆ! ಅಷ್ಟನ್ನ ಕಲಸಿದ ಕೈಗೆ ಎಷ್ಟು ನೋವಾಗಿರ್ಬೇಕು ಅಂತ ಗಂಡಸರು ಪ್ರಸಂಗ ಮಾಡುವಾಗ ಹೇಳೋದಿಲ್ಲ. ನಾವು ಇಡ್ಲಿ ಹಿಟ್ಟು ರುಬ್ಬಿ ಮುಚ್ಚಿಟ್ಟು ಮಲಗ್ತೀವಲ್ಲ, ಬೆಳಿಗ್ಗೆ ಅದು ಪಾತ್ರೆ ಮೀರಿ ಬಂದಿರ್ತದೆ. ಚಳಿಗಾಲದಲ್ಲಿ ಬರದೇ ಇದ್ರೆ ಒಲೆ ಪಕ್ಕ ಇಡ್ತೀವಿ. ಹುಳಿ ಬರೋದು ನಮ್ಮ ಕೈಲಿಲ್ಲ, ಕಲಸೋದು ಕಾಯೋದು ಮಾತ್ರ ನಮ್ಮ ಕೆಲಸ. ಇದನ್ನ ನೋಡದೇ ಇದ್ದೋರು ಆ ಸಾಮತಿ ಹೇಳಕ್ಕೆ ಆಗ್ತಿರಲಿಲ್ಲ. ನಜರೇತಿನ ಮನೇಲಿ ತಾಯಿ ಹಿಟ್ಟು ಕಲಸೋದನ್ನ ಮಗ ಕೂತು ನೋಡಿದಾನೆ ಅಂತ ನಂಗೆ ಅನ್ನಿಸ್ತದೆ.

ಇನ್ನೊಂದು, ಹತ್ತು ನಾಣ್ಯದಲ್ಲಿ ಒಂದು ಕಳ್ಕೊಂಡ ಹೆಂಗಸಿನ ಕತೆ. ದೀಪ ಹಚ್ಚಿ, ಮನೆಯೆಲ್ಲಾ ಗುಡಿಸಿ, ಸಿಕ್ಕಿದ ಮೇಲೆ ಅಕ್ಕಪಕ್ಕದ ಹೆಂಗಸರನ್ನ ಕರೆದು ಖುಷಿ ಪಡ್ತಾಳೆ. ದೇವರು ಹಿಂಗೇ ಹುಡುಕ್ತಾನೆ ಅಂತ ಅರ್ಥ. ಅಂದ್ರೆ ಯೇಸುಸ್ವಾಮಿ ದೇವರನ್ನ ಪೊರಕೆ ಹಿಡಿದ ಹೆಂಗಸಿಗೆ ಹೋಲಿಸಿದಾರೆ! ನಮ್ಮ ಶಿಕಾರಿಪುರದೋರಿಗೆ ಈ ಪೊರಕೆ ಹೊಸದೇನಲ್ಲ. ನಮ್ಮ ತಾಲೂಕಿನ ಹಿರೇಜಂಬೂರಿನ ಸತ್ಯಕ್ಕ, ಹನ್ನೆರಡನೇ ಶತಮಾನದ ಶರಣೆ, ಭಕ್ತರ ಮನೆ ಅಂಗಳ ಗುಡಿಸೋದನ್ನೇ ಕಾಯಕ ಮಾಡ್ಕೊಂಡಿದ್ಲು. ದಾರಿಲಿ ಚಿನ್ನ ಬಿದ್ದಿದ್ರೂ ಕೈಲಿ ಮುಟ್ಟಲ್ಲ ಅಂತ ಆಣೆ ಇಟ್ಟು ವಚನ ಬರೆದೋಳು. ಒಬ್ಬಳು ಕಳೆದುಹೋದ ತನ್ನ ನಾಣ್ಯ ಬಿಡದೆ ಹುಡುಕಿದ್ಲು, ಇನ್ನೊಬ್ಬಳು ಮಂದಿ ಚಿನ್ನ ಮುಟ್ಟಲಿಲ್ಲ. ಇಬ್ಬರ ಕೈಲೂ ಪೊರಕೆ. ಇದನ್ನ ಪಕ್ಕದ ಮನೆ ಲಿಂಗಾಯತರ ಅಕ್ಕನಿಗೆ ಹೇಳಿದ್ರೆ, "ಹಂಗಾದ್ರೆ ನಾವು ನೀವು ಒಂದೇ ಅಂಗಡಿ ಪೊರಕೆ ತಂದೋರು" ಅಂದ್ರು. ಅವರು ಹಂಗೇ. ವಿಭೂತಿ ಬುಧವಾರ ನಮ್ಮ ಹಣೆ ಮೇಲಿನ ಬೂದಿ ನೋಡಿ, "ಇವತ್ತೊಂದಿನ ನೀವೂ ನಮ್ಮೋರಾದ್ರಿ" ಅಂತ ಪ್ರತಿ ವರ್ಷ ನಗಸ್ತಾರೆ.

ಈಗ ಮಾರ್ತಳ ವಿಷಯ. ನಮ್ಮಂಥ ಹೆಂಗಸರ ಬಾಯಿ ಮುಚ್ಚಿಸಕ್ಕೆ ಎಲ್ಲರೂ ತೆಗೆಯೋದು ಅವಳ ಹೆಸರನ್ನೇ. ಅಡುಗೆ ಅಂತ ಓಡಾಡ್ತಾ ಇದ್ಲು ಮಾರ್ತ, ಪಾದದ ಹತ್ರ ಕೂತು ಕೇಳ್ತಿದ್ಲು ಮರಿಯ, ಸ್ವಾಮಿ ಮರಿಯಳನ್ನ ಮೆಚ್ಚಿದ್ರು ಅಂತ. ಲೂಕರ ಹತ್ತನೇ ಅಧ್ಯಾಯ ತೆಗೆದು ಸಾವಕಾಶ ಓದ್ರಿ. ಸ್ವಾಮಿ ಬ್ಯಾಡ ಅಂದಿದ್ದು ಅವಳ ಗಾಬರಿನ, ಅಡುಗೇನಲ್ಲ. ಅಡುಗೆ ಬ್ಯಾಡ ಅಂದಿದ್ರೆ ಅವತ್ತು ಊಟಕ್ಕೆ ಏನು ಮಾಡ್ತಿದ್ರು? ಇನ್ನೊಂದು ನಂಗೆ ಯಾವಾಗಲೂ ತಲೆ ತಿನ್ನೋ ಪ್ರಶ್ನೆ: ಆ ಮನೇಲಿ ಅಣ್ಣತಮ್ಮ ಲಾಜರ ಅಂತ ಒಬ್ಬ ಇದ್ನಲ್ಲ, ಅವನು ಎಲ್ಲಿದ್ದ? ಮಾರ್ತ ತಂಗಿ ಮೇಲೆ ದೂರು ಹೇಳಿದ್ಲು, ಲಾಜರನ ಮೇಲೆ ಹೇಳಬೇಕು ಅಂತ ಅವಳಿಗೂ ಹೊಳೀಲಿಲ್ಲ.

ಅವಳ ಕತೆ ಅಲ್ಲಿಗೇ ಮುಗಿಯಲ್ಲ. ಯೊವಾನ್ನರ ಹನ್ನೊಂದನೇ ಅಧ್ಯಾಯದಲ್ಲಿ ಲಾಜರ ಸತ್ತಾಗ ಎದ್ದು ದಾರಿಗೆ ಬಂದೋಳು ಮಾರ್ತ. ನೀವೇ ಕ್ರಿಸ್ತ, ದೇವರ ಪುತ್ರ ಅಂತ ನಂಬ್ತೀನಿ ಅಂತ ಬಾಯಿಬಿಟ್ಟು ಹೇಳಿದೋಳೂ ಅವಳೇ. ಪೇತ್ರ ಹೇಳಿ ದೊಡ್ಡೋನಾದ ಮಾತು ಅದು. ಮುಂದಿನ ಅಧ್ಯಾಯದಲ್ಲಿ ಅದೇ ಬೆಥಾನಿಯದಲ್ಲಿ ಊಟ, ಬಡಿಸ್ತಿದ್ದೋಳು ಮತ್ತೆ ಮಾರ್ತ. ಆಗ ಯಾರೂ ಏನೂ ಅನ್ನಲಿಲ್ಲ. ಜುಲೈ 29 ಹಿಂದೆ ಮಾರ್ತಳ ಒಬ್ಬಳ ಹಬ್ಬ ಆಗಿತ್ತು, 2021ರಲ್ಲಿ ಪೋಪ್ ಫ್ರಾನ್ಸಿಸ್ ಮಾರ್ತ, ಮರಿಯ, ಲಾಜರ ಮೂವರಿಗೂ ಸೇರಿಸಿ ಅದೇ ದಿನ ಸ್ಮರಣೆ ಮಾಡಿದ್ರು. ಒಂದೇ ಮನೆ, ಒಂದೇ ದಿನ. ನಂಗೆ ಬಾಳ ಸರಿ ಅನ್ನಿಸ್ತು.

ನಮ್ಮತ್ತೆನೂ ಕೊನೆಯ ಎರಡೂವರೆ ವರ್ಷ ಹಾಸಿಗೆ ಹಿಡಿದಿದ್ರು. ಮರೆವು ಬೇರೆ. ಮಗನನ್ನೇ "ನೀವ್ಯಾರು, ಕರೆಂಟ್ ಬಿಲ್ಲಿನೋರಾ?" ಅಂತ ಕೇಳೋರು. ಸಂಜೆ ಅವರ ಮಂಚದ ಹತ್ರನೇ ಜಪಸರ ಹೇಳ್ತಿದ್ವಿ. ಒಂದಿನ ನಮ್ಮನೆಯವರು ನಿದ್ದೆಗಣ್ಣಲ್ಲಿ ಹತ್ತು ನಮೋ ಮರಿಯ ಮುಗಿದ ಮೇಲೂ ಹನ್ನೊಂದನೇದು ಶುರು ಮಾಡಿದ್ರು. ಅತ್ತೆ ಕಣ್ಣು ಮುಚ್ಚಿಕೊಂಡೇ "ಹತ್ತಾಯ್ತಲ್ಲೋ" ಅಂದ್ರು. ಮಗನ ಹೆಸರು ಹೋಗಿತ್ತು, ಲೆಕ್ಕ ಹೋಗಿರಲಿಲ್ಲ. ಆ ಎರಡೂವರೆ ವರ್ಷದಲ್ಲಿ ನಾನು ಎಷ್ಟು ಭಾನುವಾರ ತಪ್ಪಿಸಿದೆ ಅಂತ ಯಾರಾದ್ರೂ ಎಣಿಸಿದ್ರೆ ಎಣಿಸ್ಲಿ.

ಹಂಗಂತ ಚರ್ಚೇ ಬ್ಯಾಡ, ಒಲೆ ಮುಂದೆನೇ ಎಲ್ಲಾ ಆಯ್ತು ಅಂತ ನಾನು ಹೇಳ್ತಿಲ್ಲ. ಪರಮಪ್ರಸಾದ ಅಡುಗೆಮನೇಲಿ ಸಿಗಲ್ಲ. ನಾಲ್ಕು ಜನರ ಜೊತೆ ಕೂತು ಹಾಡಿದ್ರೆ ಬರೋ ಸಮಾಧಾನ ಒಬ್ಬಳೇ ಪಾತ್ರೆ ತಿಕ್ಕುವಾಗ ಬರಲ್ಲ. ಆರಾಮಾಗಿದ್ದು, ಗಾಡಿ ಇದ್ದು, ಭಾನುವಾರ ಬೆಳಿಗ್ಗೆ ಮದುವೆ ಸೀರೆ ತರಕ್ಕೆ ಶಿವಮೊಗ್ಗಕ್ಕೆ ಹೋಗಿ, "ಮನೆಗೆಲಸವೇ ನನ್ನ ಪ್ರಾರ್ಥನೆ" ಅನ್ನೋರಿಗೆ ನಾನು ಪರ ಮಾತಾಡಲ್ಲ. ಸೊರಬದ ಆ ಹುಡುಗಿಗೂ ಚರ್ಚಿಗೆ ಹೋಗ್ಬೇಕು ಅಂತ ಆಸೆ ಐತೆ. ಹೋಗದೇ ಇರೋದು ಆಸೆ ಇಲ್ಲದೆ ಅಲ್ಲ, ಬದಲಿ ಕೂರೋರು ಇಲ್ಲದೆ.

ಅದಕ್ಕೇ ನಂದೊಂದು ಮಾತು. ಯಾರ ಮನೇಲಿ ಹಾಸಿಗೆ ಹಿಡಿದೋರು ಇದಾರೋ ಅಲ್ಲಿಗೆ ಭಾನುವಾರಕ್ಕೆ ಒಬ್ಬರು ಪಾಳಿ ಹಾಕ್ಕೊಳಾಣ. ಒಂದು ವಾರ ನೀವು ಹೋಗಿ ಕೂತ್ಕೊಳ್ರಿ, ಅವಳು ಪೂಜೆಗೆ ಹೋಗಿ ಬರ್ಲಿ. ಎರಡು ತಾಸಿನ ಕೆಲಸ. ನಮ್ಮತ್ತೆ ಕಾಲದಲ್ಲಿ ಕ್ರಿಸ್‌ಮಸ್ ರಾತ್ರಿ ಪೂಜೆಗೆ ನಂಗೆ ಬಿಡುವು ಮಾಡಿಕೊಟ್ಟೋರು ಮೇಲೆ ಹೇಳಿದ ಪಕ್ಕದ ಮನೆ ಅಕ್ಕನೇ. ಉಡುತಡಿಯ ಅಕ್ಕಮಹಾದೇವಿ ಕತೆ ಹೇಳ್ತಾ ನಮ್ಮತ್ತೇನ ಮಲಗಿಸಿದ್ರು. ಬೇರೆ ಧರ್ಮದೋರು ಮಾಡಿದ್ದನ್ನ ನಾವು ನಮ್ಮೋರಿಗೆ ಮಾಡ್ಲಿಲ್ಲ ಅಂದ್ರೆ ಹೆಂಗೆ? ರೋಗಿಗೂ ಮನೆಗೇ ಪರಮಪ್ರಸಾದ ತಂದುಕೊಡ್ತಾರೆ, ಫಾದರ್‌ಗೆ ಒಂದು ಮಾತು ತಿಳಿಸಿದ್ರೆ ಸಾಕು. ಎಷ್ಟೋ ಮನೆಯೋರು ನಾಚಿಕೆ ಪಟ್ಕೊಂಡು ಕೇಳಿರೋದೇ ಇಲ್ಲ.

ಇನ್ನು ಗಂಡಸರದ್ದು. ಸಂಜೆ ಏಳಕ್ಕೆ ಪ್ರಾರ್ಥನೆಗೆ ಕೂತ್ರೆ ಕುಕ್ಕರ್ ಕೂಗಿದ ಕೂಡ್ಲೇ ಏಳೋಳು ಹೆಂಗಸೇ, ಆಮೇಲೆ ಪ್ರಾರ್ಥನೆಲಿ ಅವಳಿಗೆ ಗಮನ ಇಲ್ಲ ಅಂತ ಅನ್ನಿಸ್ಕೊಳ್ಳೋಳೂ ಅವಳೇ. ಯೊವಾನ್ನರ ಕೊನೇ ಅಧ್ಯಾಯ ಗಂಡಸರಿಗೆ ಓದಿ ಹೇಳ್ರಿ. ಪುನರುತ್ಥಾನ ಆದ ಮೇಲೆ ಯೇಸುಸ್ವಾಮಿ ಸಮುದ್ರದ ದಡದಲ್ಲಿ ಇದ್ದಿಲು ಬೆಂಕಿ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಕೊಂಡು, ರಾತ್ರಿಯೆಲ್ಲಾ ದುಡಿದು ಬಂದ ಶಿಷ್ಯರನ್ನ ಬೆಳಗಿನ ತಿಂಡಿಗೆ ಕರೀತಾರೆ. ಸಾವನ್ನ ಗೆದ್ದು ಬಂದೋರು ಒಲೆ ಹಚ್ಚಿದ್ರು. ಇದನ್ನ ಓದಿ ಹೇಳಿದ ಮೇಲೆ ನಮ್ಮನೆಯವರು ಏನೂ ಮಾತಾಡ್ಲಿಲ್ಲ, ಮಾರನೇ ಭಾನುವಾರ ಬೆಳಿಗ್ಗೆ ಎದ್ದು ಉಪ್ಪಿಟ್ಟು ಮಾಡಿದ್ರು. ಮೊದಲೆರಡು ವಾರ ಉಪ್ಪು ಜಾಸ್ತಿ ಇತ್ತು. ಈಗ ಪರವಾಗಿಲ್ಲ, ರವೆ ಹುರಿಯೋದು ಇನ್ನೊಂಚೂರು ಕಲೀಬೇಕು.