ಲೆಕ್ಕ ಕೇಳಬೇಕಾದವರು

ಮತದಾರರಲ್ಲಿ ಹತ್ತನೇ ಒಂದು ಭಾಗ ಇಲ್ಲವೇ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಿದರೆ ಗ್ರಾಮಸಭೆಗೆ ಕೋರಂ ಆಯಿತು. ಒಟ್ಟು ಸಂಖ್ಯೆಯ ಮಟ್ಟಿಗೆ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಕೇಳುವುದು ಇಷ್ಟನ್ನೇ. ಆದರೂ ಜನ ಸೇರದೆ ಸಭೆ ಮುಂದಕ್ಕೆ ಹೋಗುವುದು, ಹಾಜರಾತಿ ಪುಸ್ತಕವೇ ಮನೆಬಾಗಿಲಿಗೆ ಬಂದು ಸಹಿ ಹಾಕಿಸಿಕೊಂಡು ಹೋಗುವುದು ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಆ ಒಂದು ಸಹಿಯಿಂದ ಚರಂಡಿ ಕಾಮಗಾರಿಗೂ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಗೂ ನಮ್ಮ ಒಪ್ಪಿಗೆ ಸಿಕ್ಕಂತಾಗುತ್ತದೆ.

ಇದನ್ನು ಸೋಮಾರಿತನವೆಂದು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ. ಪಿಂಚಣಿಗೆ, ಮನೆಯ ಖಾತೆ ಬದಲಾವಣೆಗೆ ಅದೇ ಕಚೇರಿಗಳಿಗೆ ಅಲೆಯಬೇಕಾದ ವಿಧವೆ ಸಭೆಯಲ್ಲಿ ಎದ್ದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಪ್ರಶ್ನಿಸಿದರೆ ಏನಾಗಬಹುದೆಂದು ಅವಳಿಗೆ ಚೆನ್ನಾಗಿ ಗೊತ್ತು. ನಲ್ಲಿಯಲ್ಲಿ ನೀರು ಬಾರದಿದ್ದರೆ ಟ್ಯಾಂಕರ್ ತರಿಸುವವರಿಗೆ, ಸರ್ಕಾರಿ ಶಾಲೆ ಸರಿಯಿಲ್ಲವೆಂದು ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವವರಿಗೆ ಆ ಹಂಗಿಲ್ಲ. ಅಂಜದೆ ಕೇಳಬಲ್ಲವರು ಅವರೇ. ಅವರೇ ಸಭೆಯ ಕಡೆ ಸುಳಿಯುವುದಿಲ್ಲ. ಹೊಣೆಯ ಹೆಚ್ಚಿನ ಪಾಲು ಈ ಅನುಕೂಲಸ್ಥರದು ಎಂಬುದೇ ನನ್ನ ವಾದ.

ಇದು ಹಳ್ಳಿಗಳ ಮಾತಷ್ಟೇ ಅಲ್ಲ, ಬೆಂಗಳೂರನ್ನೇ ನೋಡಿ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಆಡಳಿತಾಧಿಕಾರಿಯದೇ ಕಾರುಬಾರಾಗಿತ್ತು. ದಿನಬೆಳಗಾದರೆ ರಸ್ತೆಗುಂಡಿಗೆ ಶಾಪ ಹಾಕಿದ ನಗರ, ಆ ಗುಂಡಿಗೆ ಉತ್ತರ ಹೇಳಬೇಕಾದ ಕಾರ್ಪೊರೇಟರೇ ಇಲ್ಲವಲ್ಲ ಎಂದು ಬೀದಿಗಿಳಿಯಲಿಲ್ಲ. ಇದು ನನ್ನನ್ನು ಗುಂಡಿಗಳಿಗಿಂತ ಹೆಚ್ಚು ಕಾಡುತ್ತದೆ.

ಬಡವರು ಎಂದೂ ಕೇಳಿಲ್ಲವೆಂದಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಜನಸುನವಾಯಿ, ಅಂದರೆ ಸಾರ್ವಜನಿಕ ಅಹವಾಲು ಸಭೆ, ನಡೆಸಿ, ಕಾಮಗಾರಿಯ ಬಿಲ್ಲು, ಮಸ್ಟರ್ ರೋಲ್‌ಗಳನ್ನು ಊರವರೆದುರು ಗಟ್ಟಿಯಾಗಿ ಓದಿಸಿತು. ಪಟ್ಟಿಯಲ್ಲಿ ಹೆಸರಿದ್ದ ಕೂಲಿಗಳೇ ಎದ್ದುನಿಂತು, ತಮಗೆ ಆ ಹಣ ಬಂದಿಲ್ಲವೆಂದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಹಿಂದೆ ಆ ಕೂಲಿಗಳ ಹೋರಾಟವಿದೆ. ಒಬ್ಬೊಬ್ಬರೇ ಆಗಿದ್ದರೆ ಅವರನ್ನು ಗದರಿಸಿ ಕೂರಿಸುತ್ತಿದ್ದರು.

ಇಂದು ಆ ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಪ್ರಶ್ನೆ ಮಾತ್ರ ಬಿಗಿಯಾಗಿರಬೇಕು. ರಸ್ತೆ ಯಾಕೆ ಕಿತ್ತುಹೋಯಿತು ಎಂದರೆ ಮಳೆಯ ಮೇಲೆ ಹಾಕುತ್ತಾರೆ. ಅಳತೆ ಪುಸ್ತಕದ ನಕಲು ಕೇಳಿದರೆ ಕಾಂಕ್ರೀಟಿನ ಉದ್ದ, ಅಗಲ, ದಪ್ಪ ಎಲ್ಲವೂ ಕೈಗೆ ಬರುತ್ತದೆ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಡೆಯುವ ಲೆಕ್ಕ ತಪಾಸಣೆಯಾದ ಜಮಾಬಂದಿಯಲ್ಲಿ ಆ ನಕಲನ್ನು ಮುಂದಿಟ್ಟುಕೊಂಡು, ಟೇಪು ಹಿಡಿದು ರಸ್ತೆ ಅಳೆಯಲು ನಿವೃತ್ತ ಎಂಜಿನಿಯರ್, ಮೇಷ್ಟರು, ಬ್ಯಾಂಕಿನವರು ನಾಲ್ಕೇ ಜನ ಬಂದರೂ ಸಾಕು. ಮಿಕ್ಕವರು ಅವರ ಬೆನ್ನಿಗೆ ನಿಲ್ಲುತ್ತಾರೆ.