ಕೂಪನ್ ವಿಡಿಯೋ ಕಳಿಸುವವರೇ, ಮೊದಲು ಈ ಲೆಕ್ಕ ನೋಡಿ

ಕೆಲವು ವಾರಗಳಿಂದ ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಿಡಿಯೋ ತಿರುಗುತ್ತಿದೆ. ಅಮೆರಿಕದ ಹೆಂಗಸೊಬ್ಬಳು ಮೂರು ತಳ್ಳುಗಾಡಿ ತುಂಬ ಸಾಮಾನು ಹೇರಿಕೊಂಡು ಬಿಲ್ ಕೌಂಟರಿಗೆ ಬರುತ್ತಾಳೆ. ಬಿಲ್ಲು ನೂರಾರು ಡಾಲರ್. ಆಕೆ ಚೀಲದಿಂದ ಒಂದು ಕಟ್ಟು ಕೂಪನ್ ತೆಗೆದು ಕೊಡುತ್ತಾಳೆ. ಬಿಲ್ಲು ಇಳಿದು ಇಳಿದು ಕೊನೆಗೆ ಕೆಲವೇ ಡಾಲರಿಗೆ ಬಂದು ನಿಲ್ಲುತ್ತದೆ. ಕೆಳಗೆ ಯಾರೋ ಕನ್ನಡದಲ್ಲಿ ಬರೆದಿದ್ದಾರೆ: "ಹೆಂಡತಿ ಅಂದ್ರ ಹಿಂಗಿರಬೇಕು."

ಈ ಒಂದು ಸಾಲಿಗಾಗಿಯೇ ನಾವು ಇದನ್ನು ಬರೆಯುತ್ತಿದ್ದೇವೆ. ಈ ವಿಡಿಯೋ ನೋಡಿ "ನಿನಗ ಸಂಸಾರ ತೂಗಸಾಕ ಬರಂಗಿಲ್ಲ" ಎಂದು ಗಂಡ ಜಗಳ ತೆಗೆದ ಮನೆಯೊಂದು ನಮಗೆ ಗೊತ್ತು. ಆ ಹೆಣ್ಣುಮಗಳು ಹಗಲೆಲ್ಲ ಕಳೆ ತೆಗೆದು, ಸಂಜೆ ಅಂಗಡಿಯಿಂದ ಕಾಲು ಕೆಜಿ ಬೇಳೆ, ಒಂದು ಸಣ್ಣ ಪೊಟ್ಟಣ ಎಣ್ಣೆ ತಂದು ಐದು ಜನರ ಹೊಟ್ಟೆ ತುಂಬಿಸುವವಳು. ಅವಳಿಗೆ ಉಳಿತಾಯದ ಪಾಠ ಹೇಳುವ ಮೊದಲು ಆ ವಿಡಿಯೋ ಏನು ಅಂತ ತಿಳಿಯೋಣ.

ಅಮೆರಿಕದಲ್ಲಿ ಇದಕ್ಕೆ 'ಎಕ್ಸ್‌ಟ್ರೀಮ್ ಕೂಪನಿಂಗ್' ಎಂಬ ಹೆಸರಿದೆ. ಟಿಎಲ್‌ಸಿ ಚಾನೆಲ್ 2010ರ ಕೊನೆಯಲ್ಲಿ ಇದರ ಮೇಲೆ ಒಂದು ವಿಶೇಷ ಕಾರ್ಯಕ್ರಮ ತೋರಿಸಿ, 2011ರಲ್ಲಿ ಅದನ್ನೇ ಸರಣಿ ಮಾಡಿತು. ಅಲ್ಲಿನ ಭಾನುವಾರದ ಪತ್ರಿಕೆಗಳ ಜೊತೆ ಕಂಪನಿಗಳ ಕೂಪನ್ ಹಾಳೆಗಳು ಬರುತ್ತಿದ್ದವು. ಒಂದೇ ಸಾಮಾನಿನ ಮೇಲೆ ಕಂಪನಿಯ ಕೂಪನ್, ಅಂಗಡಿಯ ಕೂಪನ್ ಎರಡನ್ನೂ ಕೊಡಬಹುದಿತ್ತು. ಕೆಲವು ಅಂಗಡಿಗಳು ಕೂಪನ್ನಿನ ಬೆಲೆಯನ್ನು ಎರಡರಷ್ಟು ಹಿಡಿಯುತ್ತಿದ್ದವು. ಅದೇ ದಿನ ಸಾಮಾನಿನ ದರವೂ ಇಳಿದಿದ್ದರೆ ಕೆಲವು ವಸ್ತು ಪುಕ್ಕಟೆ ಬೀಳುತ್ತಿತ್ತು. ಅಂಗಡಿಯವರಿಗೆ ಅದರಲ್ಲಿ ನಷ್ಟ ಕಡಿಮೆ. ಕಂಪನಿಯ ಕೂಪನ್ನಿನ ದುಡ್ಡನ್ನು ಅವರು ಆಮೇಲೆ ಕಂಪನಿಯಿಂದ ವಸೂಲಿ ಮಾಡುತ್ತಾರೆ.

ಹಾಗಂತ ಆ ಹೆಂಗಸರನ್ನು ನಾವು ಆಡಿಕೊಳ್ಳುವುದಿಲ್ಲ. 2008ರ ಆರ್ಥಿಕ ಕುಸಿತದಲ್ಲಿ ಅಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಕಡಿಮೆಯಾಗಿದ್ದ ಕೂಪನ್ ಬಳಕೆ ಮತ್ತೆ ಏರಿದ್ದು ಅದರ ನಂತರವೇ. ಹೊಟ್ಟೆಪಾಡಿಗಾಗಿ ಕತ್ತರಿ ಹಿಡಿದವರು ಅದರಲ್ಲಿ ಬಹಳ ಮಂದಿ ಇದ್ದರು. ಆದರೆ ಟಿವಿ ತೋರಿಸಿದ್ದು ಬೇರೆ. ಗ್ಯಾರೇಜಿನ ತುಂಬ ಟೂತ್‌ಪೇಸ್ಟ್, ಮಂಚದ ಕೆಳಗೆ ಸೋಪಿನ ರಾಶಿ, ಯಾರೂ ತಿಂದು ಮುಗಿಸಲಾರದಷ್ಟು ಡಬ್ಬಿ ಆಹಾರ. ಕಾರ್ಯಕ್ರಮ ಜನಪ್ರಿಯವಾದ ಮೇಲೆ ಹಲವು ಅಂಗಡಿಗಳು ಕೂಪನ್ ನಿಯಮ ಬಿಗಿ ಮಾಡಿದವು. 2021ರಲ್ಲಿ ವರ್ಜೀನಿಯಾ ರಾಜ್ಯದ ಒಬ್ಬ ಮಹಿಳೆಗೆ ಖೋಟಾ ಕೂಪನ್ ತಯಾರಿಸಿ ಮಾರಿದ್ದಕ್ಕೆ 12 ವರ್ಷ ಜೈಲು ಶಿಕ್ಷೆಯಾಯಿತು. ನಷ್ಟ 3 ಕೋಟಿ ಡಾಲರಿಗೂ ಹೆಚ್ಚು. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಆ ವಿಡಿಯೋದಲ್ಲಿ ಇನ್ನೊಂದು ಗಮನಿಸಿ. ತಳ್ಳುಗಾಡಿಯಲ್ಲಿ ಏನಿದೆ? ಸೋಪು, ಸಾಸ್, ಡಬ್ಬಿ, ಬಿಸ್ಕತ್ತು, ಬಣ್ಣದ ನೀರು. ತರಕಾರಿಯ ಮೇಲೆ, ಹಣ್ಣಿನ ಮೇಲೆ ಕೂಪನ್ ಸಿಗುವುದು ಅಪರೂಪ. ಕಾರಣ ಸರಳ. ಕೂಪನ್ ಮುದ್ರಿಸಲು ದುಡ್ಡು ಬೇಕು, ಆ ದುಡ್ಡು ಬೆಲೆಯಲ್ಲೇ ಮೊದಲು ಸೇರಿರಬೇಕು. ಜೋಳ ಬೆಳೆದವನ ಹತ್ತಿರ, ಈರುಳ್ಳಿ ಬೆಳೆದವನ ಹತ್ತಿರ ಅಂಥ ದುಡ್ಡು ಎಲ್ಲಿದೆ? ಬ್ರ್ಯಾಂಡಿನ ಹೆಸರಿಗೆ ಬೆಲೆ ಕಟ್ಟುವವನಿಗೆ ಮಾತ್ರ ರಿಯಾಯಿತಿ ಹಂಚುವ ತಾಕತ್ತು ಇರುತ್ತದೆ.

ನಮ್ಮ ಮಾತು ಇಷ್ಟೇ: ಕೂಪನ್ ಹುಟ್ಟಿದ್ದು ನಿಮ್ಮ ದುಡ್ಡು ಉಳಿಸಲಿಕ್ಕಲ್ಲ, ನೀವು ಕೊಳ್ಳದೇ ಇದ್ದದ್ದನ್ನು ಕೊಳ್ಳಿಸಲಿಕ್ಕೆ. 1880ರ ದಶಕದ ಕೊನೆಯಲ್ಲಿ ಕೋಕಾ ಕೋಲಾ ಒಂದು ಲೋಟ ಪುಕ್ಕಟೆ ಕುಡಿಯಲು ಚೀಟಿ ಹಂಚಿದ್ದು ಜನರ ಬಾಯಾರಿಕೆ ತಣಿಸಲಿಕ್ಕಲ್ಲ, ಹೊಸ ರುಚಿ ಹತ್ತಿಸಲಿಕ್ಕೆ.

ಅಷ್ಟು ದೂರ ಯಾಕೆ? ಪಕ್ಕದ ತಮಿಳುನಾಡಿನ ಚಿಕ್ ಶಾಂಪೂ ನಮ್ಮ ಹಳ್ಳಿಗಳಿಗೂ ಗೊತ್ತು. ಯಾವುದೇ ಕಂಪನಿಯ ಐದು ಖಾಲಿ ಸ್ಯಾಶೆ ತಂದುಕೊಟ್ಟರೆ ಒಂದು ಚಿಕ್ ಸ್ಯಾಶೆ ಪುಕ್ಕಟೆ ಎಂದು ಅವರು ಮೊದಲು ಯೋಜನೆ ತಂದರು. ಜನರಿಗೆ ರೂಢಿಯಾದ ಮೇಲೆ ನಿಯಮ ಬದಲಾಯಿತು: ಐದೂ ಚಿಕ್ ಸ್ಯಾಶೆಗಳೇ ಆಗಿರಬೇಕು. ವ್ಯಾಪಾರ ಎದ್ದಿತು. ವ್ಯಾಪಾರಿಯ ಜಾಣತನವೆಂದು ಇದನ್ನು ಮೆಚ್ಚೋಣ. ಆದರೆ ಅದನ್ನು ನಮ್ಮ ಉಳಿತಾಯ ಅಂತ ಕರೆಯುವುದು ಬೇಡ.

ಈಗಿನ ಕೂಪನ್ ಫೋನಿನಲ್ಲಿ ಬರುತ್ತದೆ. ದುಡ್ಡು ಕಳಿಸಿದರೆ ಸ್ಕ್ರ್ಯಾಚ್ ಕಾರ್ಡ್. ಉಜ್ಜಿದರೆ ನಾವು ಕೇಳಿರದ ಕಂಪನಿಯ ಕ್ರೀಮಿಗೆ 200 ರೂಪಾಯಿ ಕಡಿತ. ತಾಲೂಕು ಕೇಂದ್ರದ ಮಾರ್ಟಿನಲ್ಲಿ ಸಾವಿರ ರೂಪಾಯಿ ಖರೀದಿಗೆ ಸಕ್ಕರೆ ಅಗ್ಗ. ನಾವೂ ಒಮ್ಮೆ ಹೋದೆವು. ಮನೆಯಲ್ಲಿ ಬರೆದುಕೊಂಡು ಹೋದ ಪಟ್ಟಿ 640 ರೂಪಾಯಿಯದು. ಸಕ್ಕರೆಯ ಆಸೆಗೆ ಸಾವಿರ ದಾಟಿಸಲು ನೂಡಲ್ಸ್, ಫಿನಾಯಿಲ್, ಒಂದು ಪ್ಲಾಸ್ಟಿಕ್ ಡಬ್ಬ ಸೇರಿಸಿದೆವು. ಬಿಲ್ಲು 1,012. ಸಕ್ಕರೆಯಲ್ಲಿ ಉಳಿದದ್ದು 22 ರೂಪಾಯಿ. ಹೆಚ್ಚಿಗೆ ಹೋದದ್ದು 372. "ನೀವು ಇಂದು ಇಷ್ಟು ಉಳಿಸಿದ್ದೀರಿ" ಎಂದು ಬಿಲ್ಲಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ನಿಜ. ಆದರೆ ಹೋಗಿಬರುವ ಹೊತ್ತು ಉಚಿತವಲ್ಲ. 2025–26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ದಿನದ ಕೂಲಿ ಬಿಟ್ಟು ಮಾರ್ಟಿಗೆ ಹೋದವಳು ಎಷ್ಟು ಉಳಿಸಿದರೆ ಅದು ಸಮವಾದೀತು?

"ಹಂಗಾದ್ರ ಊರ ಕಿರಾಣಿ ಅಂಗಡಿಯವನು ತುಟ್ಟಿ ಕೊಡ್ತಾನಲ್ಲ?" ಎಂದು ಕೇಳುವವರಿದ್ದಾರೆ. ಕೆಲವು ಸಾಮಾನಿನಲ್ಲಿ ಹೌದು. ಆದರೆ ಅವನು ಉದ್ರಿ ಕೊಡುತ್ತಾನೆ. ಮಾರ್ಟ್ ಕೊಡುವುದಿಲ್ಲ. ಕೂಲಿ ಶನಿವಾರ ಬರುವ ಮನೆಗೆ ಬುಧವಾರದ ಎಣ್ಣೆ ಉದ್ರಿಯಲ್ಲೇ ಬರಬೇಕು. ಬಡವರು ಹೆಚ್ಚು ಬೆಲೆ ಕೊಡುವುದು ದಡ್ಡತನದಿಂದಲ್ಲ, ಕೈಯಲ್ಲಿ ಒಟ್ಟಿಗೆ ದುಡ್ಡು ಇಲ್ಲದ್ದರಿಂದ. ಇದಕ್ಕೆ ಯಾವ ಕೂಪನ್ನೂ ಔಷಧಿಯಲ್ಲ.

ಹಾಗಾದರೆ ಉಳಿಸುವ ದಾರಿಯೇ ಇಲ್ಲವೇ? ಇದೆ. ಅದಕ್ಕೆ ಕತ್ತರಿ ಬೇಡ, ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಸಾಕು.

ಮೊದಲನೆಯದು, ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಬಹುದು, ಕೂಲಿಂಗ್ ಚಾರ್ಜ್ ಅಂತ ಒಂದು ರೂಪಾಯಿ ಕೂಡ ಹೆಚ್ಚಿಗೆ ಕೇಳುವಂತಿಲ್ಲ. ಆ ಸಂಖ್ಯೆಯನ್ನು ಮುದ್ರಿಸುವವರು ಕಂಪನಿಯವರೇ. ಹಾಗಾಗಿ "ಎಂಆರ್‌ಪಿ ಮೇಲೆ ಅರ್ಧ ಬೆಲೆ" ಎಂಬ ಮಾತಿಗೆ ಮರುಳಾಗಬೇಡಿ. ಪಕ್ಕದ ಅಂಗಡಿಯ ದರ ಕೇಳಿ.

ಎರಡನೆಯದು, ಪೊಟ್ಟಣದ ಗಾತ್ರ ನೋಡಬೇಡಿ, ತೂಕ ಓದಿ. ಪೊಟ್ಟಣ ಇಷ್ಟೇ ತೂಕದ್ದಿರಬೇಕು ಎಂಬ ಹಳೆಯ ಕಟ್ಟುಪಾಡನ್ನು 2021ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಅದಕ್ಕೆ ಪ್ರತಿಯಾಗಿ ಗ್ರಾಂಗೆ, ಮಿಲಿಲೀಟರಿಗೆ, ಕೆಜಿಗೆ ಅಥವಾ ಲೀಟರಿಗೆ ಎಷ್ಟು ಬಿದ್ದಿತು ಎಂಬ ಬಿಡಿ ದರವನ್ನು ಪೊಟ್ಟಣದ ಮೇಲೆ ಬರೆಯಬೇಕೆಂಬ ನಿಯಮ ಬಂದಿದೆ. ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ. ಒಂದು ಲೆಕ್ಕ ನೋಡಿ: 850 ಮಿಲಿಲೀಟರ್ ಎಣ್ಣೆ 136 ರೂಪಾಯಿಗೆ 'ಆಫರ್'. ಪಕ್ಕದಲ್ಲಿ ಪೂರ್ತಿ ಒಂದು ಲೀಟರ್ 155ಕ್ಕೆ. ಅಗ್ಗ ಯಾವುದು? ಮೊದಲನೆಯದು 100 ಮಿಲಿಲೀಟರಿಗೆ 16 ರೂಪಾಯಿ, ಎರಡನೆಯದು ಹದಿನೈದೂವರೆ. ಇನ್ನೊಂದು, ಒಂದು ಲೀಟರ್ ಅಡುಗೆ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ. ಲೀಟರ್, ಕೆಜಿ ಒಂದೇ ಅಂತ ತಿಳಿದರೆ ಅಲ್ಲೇ ಮೋಸ.

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬುದೂ ಪೂರ್ತಿ ನಿಜವಲ್ಲ. ಹಲವು ಶಾಂಪೂಗಳಲ್ಲಿ ಸ್ಯಾಶೆಯ ಲೆಕ್ಕ ಬಾಟಲಿಗಿಂತ ಕಡಿಮೆ ಬೀಳುತ್ತದೆ. ಸ್ಯಾಶೆ ತರುವ ಹೆಣ್ಣುಮಗಳನ್ನು ಬೈಯುವ ಮುನ್ನ ಭಾಗಾಕಾರ ಮಾಡಿ.

ಮೂರನೆಯದು, ಕೂಡಿ ಕೊಳ್ಳಿ. ಸ್ವಸಹಾಯ ಸಂಘ ಇಲ್ಲದ ಊರು ಅಪರೂಪ. ಹತ್ತು ಮನೆ ಸೇರಿ 15 ಕೆಜಿ ಎಣ್ಣೆ ಡಬ್ಬ, ಒಂದು ಚೀಲ ಬೇಳೆ, ಒಂದು ಚೀಲ ಈರುಳ್ಳಿ ತಂದು ತೂಗಿ ಹಂಚಿಕೊಂಡರೆ ಸಗಟು ದರ ಸಿಗುತ್ತದೆ. ಒಬ್ಬರು ಹೋಗಿಬಂದರೆ ಒಂಬತ್ತು ಜನರ ಕೂಲಿ ಉಳಿಯುತ್ತದೆ. ದುಡ್ಡು ಇದ್ದವರು ಒಬ್ಬರೇ ಮಾಡುವುದನ್ನು ಇಲ್ಲದವರು ಸೇರಿ ಮಾಡಬಹುದು.

ನಾಲ್ಕನೆಯದು, ರೇಷನ್ ಅಂಗಡಿಯಲ್ಲಿ ತೂಕ ಕಣ್ಣಾರೆ ನೋಡಿ ತೆಗೆದುಕೊಳ್ಳಿ. ಅದು ನಿಮ್ಮ ಹಕ್ಕು, ಯಾರ ಆಫರೂ ಅಲ್ಲ. ಅಲ್ಲಿ ಕಡಿಮೆ ಬಂದರೆ 1967ಕ್ಕೆ, ಅಂಗಡಿಯಲ್ಲಿ ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಮನೆಗೆ ಬೇಕಾದ ಸಾಮಾನಿನ ಮೇಲೆಯೇ ಕೂಪನ್ ಸಿಕ್ಕರೆ ಖಂಡಿತ ಬಳಸಿ, ಬೇಡ ಅನ್ನುವುದಿಲ್ಲ. ಪಟ್ಟಿ ಮೊದಲು, ಕೂಪನ್ ಆಮೇಲೆ. ಇದು ತಿರುಗಾಮುರುಗಾ ಆದ ದಿನ ನೀವು ಕಂಪನಿಗೆ ದುಡಿಯುತ್ತಿದ್ದೀರಿ ಅಂತ ತಿಳಿಯಿರಿ.

ಕೊನೆಗೆ, ಆ ವಿಡಿಯೋ ಕಳಿಸಿದ ಅಣ್ಣಂದಿರಿಗೆ. ನಿಮ್ಮ ಅಂಗಿಯ ಜೇಬಿನಲ್ಲೂ ಸ್ಯಾಶೆ ಇರುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು, ತಂಬಾಕು ಒಂದು, ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುವುದು ನಡೆದಿದೆ. ಒಂದು ಸಲಕ್ಕೆ 10 ರೂಪಾಯಿ ಹಿಡಿಯಿರಿ. ದಿನಕ್ಕೆ ನಾಲ್ಕು ಸಲ, ತಿಂಗಳಿಗೆ 1,200 ರೂಪಾಯಿ. ಆ ಹೆಣ್ಣುಮಗಳು ಒಂದು ತಿಂಗಳು ಬೇಳೆ, ಎಣ್ಣೆ ತರಬಹುದಾದ ದುಡ್ಡು. ಅದರ ಮೇಲೆ ಯಾವ ಕೂಪನ್ನೂ ಇಲ್ಲ, ಆದರೂ ಒಂದು ದಿನವೂ ತಪ್ಪಿಸಿಲ್ಲ. ಸಂಸಾರ ತೂಗಿಸುವ ಲೆಕ್ಕ ಮನೆಯಲ್ಲಿ ಕೇಳುವುದಾದರೆ ಈ ಜೇಬಿನಿಂದಲೇ ಶುರು ಮಾಡಿ.